ಅರವತ್ತೊಂದನೇ ಪುಟದ ಒಂಟೆ

ರಾಜಾಜಿನಗರದ ಮೂರನೇ ಬ್ಲಾಕಿನ ಒಂದು ಮನೆಯ ಮೆಟ್ಟಿಲ ಕೆಳಗೆ ನಾಣಿಯವರ ಡಿಟಿಪಿ ಅಂಗಡಿ ಇದೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಕುರ್ಚಿ, ಪಕ್ಕದಲ್ಲಿ ಒಂದು ಸ್ಟೂಲು. ಸ್ಟೂಲು ಗಿರಾಕಿಗಳಿಗೆ. ಮದುವೆ ಕರೆಯೋಲೆ ಮಾಡಿಸಲು ಬಂದವರು ಅಲ್ಲಿ ಕೂತು, ಪರದೆಗೆ ಬೆರಳೊತ್ತಿ, ‘ಇಲ್ಲಿ ಸೋದರಮಾವನ ಹೆಸರು ಮೇಲೆ ಬರ್ಬೇಕು’ ಎಂದು ತಿದ್ದಿಸುತ್ತಿದ್ದರು. ಬೆರಳಿನ ಗುರುತುಗಳನ್ನು ನಾಣಿ ಪ್ರತಿ ಸಂಜೆ ಒರೆಸುತ್ತಿದ್ದರು. ಈಗ ಕರೆಯೋಲೆಗಳು ಫೋನಿನಲ್ಲೇ ತಯಾರಾಗುತ್ತವೆ. ಪರದೆ ಒರೆಸುವುದು ವಾರಕ್ಕೊಮ್ಮೆ, ಅದೂ ಧೂಳಿಗೆ.

ನಾಣಿಗೆ ಅರವತ್ತೆರಡು. ಹದಿನೇಳನೇ ವಯಸ್ಸಿಗೆ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಲು ಸೇರಿದವರು. ಮದುವೆಯಾಗಲಿಲ್ಲ. ತಾಯಿ ತೀರಿಕೊಂಡ ಮೇಲೆ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಬೆಳಗ್ಗೆ ಎಂಟಕ್ಕೆ ದರ್ಶಿನಿಯಲ್ಲಿ ಇಡ್ಲಿ, ಒಂಬತ್ತಕ್ಕೆ ಅಂಗಡಿ.

ಕಳೆದ ಆಷಾಢದಲ್ಲಿ ಜಲಜಾ ಮೇಡಂ ಫೋನ್ ಮಾಡಿದರು. ಚಂದ್ರಾ ಲೇಔಟಿನ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದ ತಪ್ಪುಗಳನ್ನು ಅಷ್ಟೂ ವರ್ಷ ಗುರುತು ಹಾಕಿಕೊಂಡಿದ್ದರು. ಅದನ್ನೇ ಪುಸ್ತಕ ಮಾಡಿಸಬೇಕಿತ್ತು. ಪ್ರತಿ ಪುಟದ ಎಡಗಡೆ ಮಗು ಬರೆದ ವಾಕ್ಯ, ಬಲಗಡೆ ಸರಿಯಾದದ್ದು. ತೊಂಬತ್ತಾರು ಪುಟ, ಮುನ್ನೂರು ಪ್ರತಿ. ಆದರೆ ಮೊಣಕಾಲಿನ ಆಪರೇಷನ್ ಆಗಿತ್ತು. ಕೆಂಗೇರಿ ಉಪನಗರದಿಂದ ರಾಜಾಜಿನಗರಕ್ಕೆ ಬಂದು ಸ್ಟೂಲಿನ ಮೇಲೆ ಕೂರುವ ಹಾಗಿರಲಿಲ್ಲ.

ಪಕ್ಕದ ಜೆರಾಕ್ಸ್ ಅಂಗಡಿಯ ಚೇತನಾ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟಳು. ಅದು ತೋರಿಸುವ ಒಂಬತ್ತು ಅಂಕಿಯ ನಂಬರನ್ನು ಮೇಡಂಗೆ ಹೇಳಿದರೆ ಸಾಕು. ನಾಣಿಯ ಪರದೆ ಅವರ ಮನೆಯಲ್ಲಿ ಕಾಣುತ್ತದೆ. ಅಲ್ಲಿಂದಲೇ ಅವರು ಮೌಸ್ ಆಡಿಸಬಹುದು, ಟೈಪೂ ಮಾಡಬಹುದು. ಮಾತು ಮೇಜಿನ ಮೇಲಿಟ್ಟ ಫೋನಿನ ಸ್ಪೀಕರಿನಲ್ಲಿ. ದಿನಾ ಹನ್ನೊಂದಕ್ಕೆ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ಮೂಡುತ್ತಿತ್ತು: ನಿಮ್ಮ ಪರದೆಯನ್ನು ಒಬ್ಬರು ನೋಡುತ್ತಿದ್ದಾರೆ. ಆಮೇಲೆ ಬಾಣ ತಾನಾಗಿ ಚಲಿಸಲು ಶುರುಮಾಡುತ್ತಿತ್ತು.

ತೊಂದರೆ ಬಂದದ್ದು ನಾಣಿಯ ಬೆರಳುಗಳಿಂದ. ನಲವತ್ತೈದು ವರ್ಷ ಸರಿಯಾದ ಕನ್ನಡ ಜೋಡಿಸಿದ ಬೆರಳುಗಳು ತಪ್ಪು ಬರೆಯಲು ಒಪ್ಪಲಿಲ್ಲ. ‘ಮದ್ಯಾನ ಆಲು ಕುಡಿದೆ’ ಎಂದು ಮಗು ಬರೆದಿದ್ದರೆ ಎಡಗಡೆಯಲ್ಲೂ ‘ಮಧ್ಯಾಹ್ನ ಹಾಲು ಕುಡಿದೆ’ ಎಂದೇ ಬೀಳುತ್ತಿತ್ತು.

“ನಾಣಿಯವರೇ, ಇದು ಸರಿಯಾಗಿದೆ,” ಎನ್ನುತ್ತಿದ್ದರು ಮೇಡಂ.

“ಸಾರಿ ಮೇಡಂ.”

“ನನ್ನ ಸರ್ವಿಸ್‌ನಲ್ಲಿ ಸರಿ ಬರೆದಿದ್ದಕ್ಕೆ ಬೈಸ್ಕೊಂಡೋರು ನೀವೊಬ್ರೇ.”

ಕೆಲವೊಮ್ಮೆ ಇಬ್ಬರೂ ಒಟ್ಟಿಗೆ ಮೌಸ್ ಹಿಡಿಯುತ್ತಿದ್ದರು. ಬಾಣ ಅತ್ತಲೂ ಹೋಗದೆ ಇತ್ತಲೂ ಬಾರದೆ ನಡುಗುತ್ತಿತ್ತು. “ಕೈ ಬಿಡಿ, ನಾನು ತಿದ್ದುತೀನಿ,” ಎನ್ನುತ್ತಿದ್ದರು ಮೇಡಂ. ನಾಣಿ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಎರಡನೇ ವಾರ, ಪುಟದಲ್ಲಿ ಒಂದು ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಒಂದೇ ಸಲಕ್ಕೆ ಬದಲಿಸುವ ಕ್ರಮವನ್ನು ನಾಣಿ ಮೇಡಂಗೆ ಹೇಳಿಕೊಟ್ಟರು. “ಭೇಷ್, ಮೊದಲೇ ಗೊತ್ತಿದ್ದಿದ್ರೆ ಎಷ್ಟು ಕೆಂಪು ಇಂಕು ಉಳೀತಿತ್ತು,” ಎಂದು ಮೇಡಂ ನಕ್ಕರು.

ಚೇತನಾ ಒಂದು ದಿನ ಬಾಗಿಲಲ್ಲಿ ನಿಂತು ಹೇಳಿದಳು: “ಏನ್ ಅಂಕಲ್, ದಿನಾ ಇಸ್ತ್ರಿ ಶರ್ಟು? ಅವ್ರಿಗೆ ಕಾಣ್ಸೋದು ನಿಮ್ಮ ಸ್ಕ್ರೀನು, ನೀವಲ್ಲ.”

“ಗೊತ್ತಮ್ಮ,” ಎಂದರು ನಾಣಿ. ಮರುದಿನವೂ ಇಸ್ತ್ರಿ ಶರ್ಟೇ ಇತ್ತು.

ಅರವತ್ತೊಂದನೇ ಪುಟದಲ್ಲಿ ಐದನೇ ತರಗತಿಯ ಒಬ್ಬ ಹುಡುಗಿಯ ವಾಕ್ಯವಿತ್ತು: ‘ಮರುಭೂಮಿಯ ಹಡಗು ಒಂಟಿ.’ ನಾಣಿಯ ಬೆರಳು ಅಭ್ಯಾಸದಂತೆ ‘ಒಂಟೆ’ ಎಂದು ಬರೆಯಿತು. “ಎತ್ವ ತೆಗೆದು ಗುಡಿಸು ಹಾಕಿ,” ಎಂದರು ಮೇಡಂ. ಹಾಕಿದರು. ಮುಂದಿನ ಸುತ್ತಿನಲ್ಲಿ ಹಳೆಯ ಕಡತ ತೆರೆದದ್ದರಿಂದ ಒಂಟೆ ಮತ್ತೆ ಬಂತು. ಅದೂ ಕೈತಪ್ಪು. ಆ ಹೊತ್ತಿಗೆ ಪುಸ್ತಕ ಮುಗಿಯುತ್ತ ಬಂದಿತ್ತು. ಆ ದಿನ ಮೇಡಂ ತಿದ್ದಿದ್ದು ಎರಡೇ ತಪ್ಪು. ತಪ್ಪುಗಳು ಇನ್ನೂ ಇದ್ದರೆ ಅವರು ಇನ್ನೊಂದು ದಿನ ಬಂದು ನೋಡಬೇಕಾಗುತ್ತದೆ ಎಂಬುದು ನಾಣಿಗೆ ಹೊಳೆಯಿತು.

ಆಮೇಲಿನದು ಕೈತಪ್ಪಲ್ಲ. ಅಂಗಡಿ ಮುಚ್ಚುವ ಮೊದಲು ಅವರು ಅಲ್ಲೊಂದು ಇಲ್ಲೊಂದು ತಪ್ಪನ್ನು ಸರಿಮಾಡಿಡುತ್ತಿದ್ದರು. ಆಲು ಹಾಲಾಗುತ್ತಿತ್ತು. ಒಂಟಿ ಒಂಟೆಯಾಗುತ್ತಿತ್ತು. ಮಾರನೆಯ ದಿನ ಹನ್ನೊಂದಕ್ಕೆ ಬಾಣ ಬಂದು ಅವುಗಳನ್ನು ಹುಡುಕಿ ನಿಲ್ಲುತ್ತಿತ್ತು. ಹೀಗೆ ಒಂಬತ್ತು ದಿನ ನಡೆಯಿತು.

ಹತ್ತನೇ ದಿನ ಬಾಣ ನೇರ ಅರವತ್ತೊಂದನೇ ಪುಟಕ್ಕೆ ಹೋಯಿತು. ಒಂಟೆಯ ಮೇಲೆ ನಿಂತಿತು.

“ನಾಣಿಯವರೇ, ಇದು ಎಷ್ಟನೇ ಸಲ?”

ನಾಣಿ ಶರ್ಟಿನ ತೋಳು ಸರಿಮಾಡಿಕೊಂಡರು.

“ಬರದೇ ಮಾಡೋ ತಪ್ಪು ಯಾವುದು, ಬೇಕಂತ ಮಾಡೋದು ಯಾವುದು ಅಂತ ನನಗೆ ಗೊತ್ತಾಗತ್ತೆ. ಅಷ್ಟು ನೋಟ್‌ಬುಕ್ ನೋಡಿದೀನಿ. ಪುಸ್ತಕ ಮುಗೀಬೇಕಲ್ವಾ?”

“ಹೌದು ಮೇಡಂ.”

“ಕೈ ಬಿಡಿ.”

ನಾಣಿ ಮೌಸಿನಿಂದ ಕೈ ತೆಗೆದರು. ಪರದೆಯನ್ನೂ ನೋಡಲಾಗಲಿಲ್ಲ, ತಲೆ ತಗ್ಗಿಸಿ ಕೀಲಿಮಣೆ ನೋಡುತ್ತ ಕೂತರು. ಅತ್ತ ಮೇಡಂ ಬೇಸತ್ತು, ನಾಣಿಯೇ ಹೇಳಿಕೊಟ್ಟಿದ್ದ ಕ್ರಮದಿಂದ ಆ ಪುಟದಲ್ಲಿ ಒಂಟೆ ಇದ್ದಲ್ಲೆಲ್ಲ ಒಂಟಿ ಮಾಡಿ, ಉಳಿಸಿ, ಕಡತ ಮುಚ್ಚಿದರು. “ಪ್ರೆಸ್ಸಿಗೆ ಕಳಿಸ್ಬಿಡಿ,” ಎಂದರು. ಮೂಲೆಯ ಚೌಕ ಮರೆಯಾಯಿತು.

ಅಚ್ಚಿಗೆ ಕಳಿಸುವ ಮೊದಲು ಕೊನೆಯ ಬಾರಿ ಓದುವುದು ನಾಣಿಯ ನಲವತ್ತೈದು ವರ್ಷದ ರೂಢಿ. ಅಂದು ಓದಲಿಲ್ಲ.

ಪ್ರತಿಗಳು ಹನ್ನೆರಡು ದಿನಕ್ಕೆ ಬಂದವು. ಕಟ್ಟುಗಳನ್ನು ಸ್ಟೂಲಿನ ಮೇಲಿರಿಸಿ, ಒಂದನ್ನು ಬಿಚ್ಚಿ ಅರವತ್ತೊಂದನೇ ಪುಟ ತೆಗೆದರು. ಎಡಗಡೆ: ಮರುಭೂಮಿಯ ಹಡಗು ಒಂಟಿ. ಬಲಗಡೆ: ಮರುಭೂಮಿಯ ಹಡಗು ಒಂಟಿ.

ಎಲ್ಲೆಲ್ಲೂ ಬದಲಿಸು ಎಂದರೆ ಯಂತ್ರ ಎಡಬಲ ನೋಡುವುದಿಲ್ಲ. ಮುನ್ನೂರು ಪ್ರತಿಯಲ್ಲೂ ಹಾಗೇ ಇತ್ತು.

ಅವರು ಎರಡು ದಿನ ಫೋನ್ ಮಾಡಲಿಲ್ಲ. ಹೇಳಿದರೆ ಇದನ್ನೂ ಬೇಕಂತಲೇ ಮಾಡಿದ್ದೆಂದು ಮೇಡಂ ಅಂದುಕೊಳ್ಳುವುದು ಖಚಿತವಿತ್ತು. ಮೂರನೆಯ ದಿನ ಶರ್ಟಿಗೆ ಇಸ್ತ್ರಿ ಮಾಡಿಕೊಂಡು, ಹನ್ನೊಂದಕ್ಕೆ ಸಾಫ್ಟ್‌ವೇರ್ ತೆರೆದಿಟ್ಟು ಫೋನ್ ಮಾಡಿದರು. ಒಂಬತ್ತು ಅಂಕಿ ಪರದೆಯ ಮೇಲಿದ್ದವು.

ವಿಷಯ ಕೇಳಿ ಮೇಡಂ ಹೇಳಿದರು: “ನೀವು ಮಾಡಿದ್ದಲ್ಲ ಇದು. ಎಲ್ಲಾ ಕಡೆ ಬದಲಿಸಿದ್ದು ನಾನೇ.”

“ನಾನು ಓದ್ಬೇಕಿತ್ತು ಮೇಡಂ.”

“ಒಂದು ತಿದ್ದುಪಡಿ ಚೀಟಿ ಅಂಟಿಸ್ಬಿಡಿ.”

“ಟೈಪ್ ಮಾಡಿಟ್ಟಿದೀನಿ. ನಂಬರ್ ಹೇಳ್ಲಾ? ಒಂದ್ಸಲ ನೀವು ನೋಡ್ಬಿಟ್ರೆ...”

“ನೋಡೋದೇನೂ ಬೇಡ. ಒಂದು ಸಾಲು ತಾನೆ? ನಿಮ್ಮ ಮೇಲೆ ನಂಬಿಕೆ ಇದೆ ನಾಣಿಯವರೇ.”

ನಾಣಿ ಚೀಟಿ ಅಚ್ಚು ಹಾಕಿ, ಕತ್ತರಿಸಿ, ಮೂರು ದಿನ ಕೂತು ಒಬ್ಬರೇ ಅಂಟಿಸಿದರು. ‘ಪುಟ 61ರ ಬಲಗಡೆ ಒಂಟಿ ಎಂದಿರುವುದನ್ನು ಒಂಟೆ ಎಂದು ಓದಿಕೊಳ್ಳಿ.’ ನಾಲ್ಕನೇ ದಿನ ಮೇಡಂ ಕಳಿಸಿದ ಆಟೋ ಬಂದು ಕಟ್ಟುಗಳನ್ನು ಒಯ್ದಿತು. ಸ್ಟೂಲು ಖಾಲಿಯಾಯಿತು.

ಚೀಟಿಯಲ್ಲಿ ತಪ್ಪಿರಲಿಲ್ಲ. ಅಚ್ಚು ಹಾಕುವ ಮೊದಲು ಅವರು ನಾಲ್ಕು ಸಲ ಓದಿದ್ದರು.