ಡಾಕ್ಟರು ಬರುವ ಮುಂಚಿನ ಬಾಟ್ಲಿ

ಮೈ ಸುಡುತ್ತಿದೆ, ಬಾಟ್ಲಿ ಮಾತ್ರ ತಿಳಿಯಾಗಿದೆ. ಎರಡರಲ್ಲಿ ನೀವು ಯಾವುದನ್ನು ನಂಬುತ್ತೀರಿ?

ನಾನು ಮೈಯನ್ನು ನಂಬಿದೆ.

ಅಕ್ಕನ ಮಗ ಮಾದಪ್ಪ ಮಸಿನಗುಡಿಯಲ್ಲಿ ಗಾಡಿ ಹೊಡೆಯುವವನು. ಎದೆಯೊಳಗೆ ಕೀವು ತುಂಬಿ ಉದಕಮಂಡಲದಲ್ಲಿ ಆಸ್ಪತ್ರೆ ಸೇರಿದ್ದಾನೆ. ಅಕ್ಕ ಜೊತೆಗಿದ್ದಾಳೆ. ಪಕ್ಕೆಗೆ ತೂತು ಮಾಡಿ ರಬ್ಬರ್ ಟ್ಯೂಬ್ ಇಟ್ಟಿದ್ದಾರೆ. ಅದರ ಇನ್ನೊಂದು ತುದಿ ಮಂಚದ ಕೆಳಗಿನ ಗಾಜಿನ ಬಾಟ್ಲಿಯ ನೀರಿನಲ್ಲಿ ಮುಳುಗಿರಬೇಕು. (ಇಲ್ಲದಿದ್ದರೆ ಎದೆಯೊಳಕ್ಕೆ ಗಾಳಿ ಹೋಗುತ್ತದಂತೆ.) ಸಂಜೆ ನರ್ಸಮ್ಮ ಹೊಸ ನೀರು ಹಾಕಿ, ಬಾಟ್ಲಿಗೆ ಅಂಟಿಸಿದ ಕಾಗದದ ಮೇಲೆ ಅದರ ಮಟ್ಟಕ್ಕೆ ಗೆರೆ ಎಳೆಯುತ್ತಾರೆ. ಬೆಳಿಗ್ಗೆ ಗೆರೆ ದಾಟಿ ಎಷ್ಟು ಏರಿದೆಯೋ ಅಷ್ಟು ಕೀವು ಇಳಿದಿದೆ ಎಂದರ್ಥ.

ಮೊನ್ನೆ ಡಾಕ್ಟರು ಬಗ್ಗಿ ನೋಡಿದರು. ಏರಿಯೇ ಇಲ್ಲ. "ಒಳಗೆ ಒಣಗಿದೆ. ನಾಳೆ ಟ್ಯೂಬ್ ತೆಗೆಯೋಣ" ಎಂದರು.

ಒಣಗಿದ್ದರೆ ಜ್ವರ ಏಕೆ? ಒಳಗೆ ಕೀವು ಬಿಟ್ಟು ತೂತು ಮುಚ್ಚಿದರೆ ಮಾದಪ್ಪ ಉಳಿಯುತ್ತಾನೆಯೇ? ಕೇಳಿದೆ. ಜ್ವರ ಆಮೇಲೆ ಇಳಿಯುತ್ತದೆ ಎಂದು ಅವರು ಪಕ್ಕದ ಮಂಚಕ್ಕೆ ಹೋದರು.

ನನ್ನ ಅನುಮಾನ ವಾರ್ಡಿನ ಆಳು ಮುನಿಯಾಂಡಿಯ ಮೇಲೆ. ಬಾಟ್ಲಿ ತೊಳೆಯುವ ಕೆಲಸ ಅವನದು. ಡಾಕ್ಟರು ನೋಡುವ ಮುಂಚೆಯೇ ಕೀವು ಚೆಲ್ಲಿ, ನೀರು ಹಾಕಿ ಕೈ ತೊಳೆದುಕೊಳ್ಳುತ್ತಿದ್ದಾನೆಯೇ? ಕೇಳಿಯೇಬಿಟ್ಟೆ.

"ಕೀವು ಕದ್ದು ನಾನ್ ಯಾವ ಸಂತೇಲಿ ಮಾರ್ಲಿ ಸಾಮಿ?" ಎಂದ.

ಮರುದಿನ ಡಾಕ್ಟರಿಗಿಂತ ಮೊದಲೇ ಹೋದೆ. (ಎಲ್ಲಿಗಾದರೂ ಹೊತ್ತಿಗೆ ಮುಂಚೆ ಹೋಗುವುದು ನನ್ನ ರೂಢಿ. ಮನೆಯವರಿಗೆ ಅದೇ ಕಾಟ.) ಕಂಡದ್ದೇನು? ನರ್ಸಮ್ಮ ಮಾಡುವಂತೆಯೇ ಟ್ಯೂಬನ್ನು ಮಡಿಸಿ ದಾರ ಕಟ್ಟಿ, ಅಕ್ಕ ಬಾಟ್ಲಿಗೆ ಗೆರೆಯವರೆಗೆ ಹೊಸ ನೀರು ತುಂಬುತ್ತಿದ್ದಾಳೆ. ಪಕ್ಕದ ಬೋಗುಣಿಯಲ್ಲಿ ರಾತ್ರಿಯೆಲ್ಲ ಇಳಿದ ಕೀವು.

"ಏನಕ್ಕಾ ಇದು?"

"ಮೆತ್ತಗೆ ಮಾತಾಡು, ಡಾಕ್ಟ್ರು ದೊರೆ ಬರೋ ಹೊತ್ತು. ಮನೆಗೆ ದೊಡ್ಡೋರು ಬತ್ತಾರೆ ಅಂದ್ರೆ ಗುಡ್ಸಿ ಸಾರ್ಸಾಕಿಲ್ವಾ? ಈ ಹೊಲಸ ಅವ್ರ ಮುಂದ್ಕೆ ಮಡಗನಾ?"

"ಅವರು ಬರೋದೇ ಹೊಲಸು ನೋಡೋಕೆ."

"ಹೋಗೋ. ನಾನು ತೊಳ್ದು ಮಡಗ್ದಾಗಿಂದ ಅವ್ರ ಮೊಕ ಎಷ್ಟು ಗೆಲುವಾಗದೆ, ನೋಡಿಲ್ವಾ?"

ಮಂಚದ ಮೇಲಿಂದ ಮಾದಪ್ಪ ಕ್ಷೀಣವಾಗಿ ಹೇಳಿದ: "ಅವ್ವಾ, ಬಾಟ್ಲಿ ವಾಸಿಯಾಯ್ತು. ಇನ್ನು ನನ್ನ ನೋಡು."

ಬೋಗುಣಿಯನ್ನು ಕಿತ್ತುಕೊಂಡು ಬಾಗಿಲಲ್ಲೇ ನಿಂತೆ. ಡಾಕ್ಟರು ಬಂದರು. ಬೋಗುಣಿ ನೋಡಿದರು, ಅಕ್ಕನನ್ನು ನೋಡಿದರು. ಟ್ಯೂಬ್ ತೆಗೆಯಲು ತಂದಿದ್ದ ಕತ್ತರಿಯನ್ನು ನರ್ಸಮ್ಮನ ಕೈಗೆ ಹಿಂದಕ್ಕೆ ಕೊಟ್ಟರು. ಅವರ ಮುಖದಲ್ಲಿ ಗೆಲುವಿರಲಿಲ್ಲ. ನನಗೆ ಅಂದೇ ಧೈರ್ಯ ಬಂದದ್ದು.

ಕೀವು ಇನ್ನೂ ಇಳಿಯುತ್ತಿದೆ, ಜೊತೆಗೆ ಜ್ವರವೂ. ನನ್ನ ಅನುಮಾನ ಮಾತ್ರ ಇಳಿದಿಲ್ಲ, ಈಗ ಅದು ನಮ್ಮೆಲ್ಲರ ಮೇಲೆ. ಇನ್‌ಸ್ಪೆಕ್ಟರು ಬರುವ ದಿನ ದಡ್ಡ ಹುಡುಗರನ್ನು ಮನೆಯಲ್ಲೇ ಇರಿ ಎನ್ನುವ ಮೇಷ್ಟ್ರನ್ನು ನೀವು ಕಂಡಿಲ್ಲವೇ? ಬೀಗರು ಬಂದಾಗ ಕೆಮ್ಮುವ ಮುದುಕನನ್ನು ಹಿತ್ತಿಲಿಗೆ ಕಳಿಸುವವರನ್ನು?

ಬಂದವರ ಮುಖ ಗೆಲುವಾದರೆ ಸಾಕೇ, ಮಂಚದ ಮೇಲಿರುವವನು ಬದುಕುವುದು ಬೇಡವೇ?