ಅಕ್ಕನ ತಗಡು

ಬೀದರಿನ ಹಳೇ ಶಹರದ ಚೌಕದಲ್ಲಿ ಈಗ ಯಾರು ಬೇಕಾದರೂ ನಿಂತು ಪುಕ್ಕಟೆ ವೈಫೈ ಬಳಸಬಹುದು. ಅದರ ಕಂಬ ನಿಲ್ಲಿಸಿದವರಲ್ಲಿ ನಾನೂ ಒಬ್ಬ. ಹೇಳಿಕೊಂಡು ಮೆರೆಯಬೇಕಾದವನು, ಆ ಚೌಕ ಹತ್ತಿರ ಬಂದರೆ ಬೈಕನ್ನು ಪಕ್ಕದ ಗಲ್ಲಿಗೆ ತಿರುಗಿಸುತ್ತೇನೆ.

ಈಗ ಕಂಬವಿರುವ ಜಾಗದ ಪಕ್ಕದಲ್ಲೇ, ಗೋಡೆಗೆ ಕಟ್ಟಿದ ಒಂದು ತಗಡಿನ ಕೆಳಗೆ ಹೊಲಿಗೆ ಮಶಿನ್ ಇಟ್ಟುಕೊಂಡು ಒಬ್ಬ ಹೆಂಗಸು ಚೀಲಗಳ ಚೈನು ರಿಪೇರಿ ಮಾಡುತ್ತಿದ್ದಳು. ಕಂಬದ ಜಾಗದ ಸರ್ವೆಗೆ ಹೋದ ಮೊದಲ ದಿನವೇ ನನ್ನ ಹರಕು ಚೀಲ ನೋಡಿ ನಕ್ಕು, "ಯಾ ಊರು ನಿಂದು?" ಅಂದಳು. ಭಾತಂಬ್ರಾ ಎಂದೆ. ಅದು ಆಕೆಯ ತವರು. ಅಷ್ಟೇ ಸಾಕಾಯಿತು, ನಾನು ತಮ್ಮನಾದೆ. ಮಧ್ಯಾಹ್ನದ ರೊಟ್ಟಿಯಲ್ಲಿ ನನಗೂ ಪಾಲು ಸಿಕ್ಕಿತು.

ಸರ್ವೆ ಮಾಡಿದ್ದು ಚಳಿಗಾಲದ ಕೊನೆಗೆ. ನಮ್ಮ ಕಚೇರಿಯ ಮಾಳಿಗೆ ಮೇಲೊಂದು ಡಿಶ್, ಚೌಕದ ಕಂಬದ ಮೇಲೊಂದು. ಎರಡೂ ಒಂದನ್ನೊಂದು ನೇರ ನೋಡುತ್ತಿರಬೇಕು, ನಡುವೆ ಅಡ್ಡ ಬಂದರೆ ನೆಟ್ ಇಲ್ಲ. ನಡುವೆ ಅಷ್ಟೇನೂ ಎತ್ತರವಿಲ್ಲದ ಒಂದು ಅರಳಿ ಮರವಿತ್ತು, ಎಲೆ ಉದುರಿ ಬರೀ ಕೊಂಬೆ. ಸಂದಿನಿಂದ ಕಚೇರಿ ಚೆನ್ನಾಗಿ ಕಾಣುತ್ತಿತ್ತು. ದಾರಿ ಸಾಫಿದೆ ಎಂದು ಬರೆದು ಸಹಿ ಹಾಕಿದೆ. ಹೊಲ ಮಾಡುವವರ ಮನೆಯಲ್ಲಿ ಹುಟ್ಟಿದವನಿಗೆ ಅರಳಿ ಮತ್ತೆ ಚಿಗುರುತ್ತದೆ ಎಂದು ಹೊಳೆಯಬೇಡವೇ! ಯುಗಾದಿ ಹೊತ್ತಿಗೆ ಕಂಬ ನಿಂತಾಗ ಮರ ಎಲೆ ತುಂಬಿತ್ತು, ನೆಟ್ ಬರಲೇ ಇಲ್ಲ.

ಎಂಜಿನಿಯರ್ ಸಾಹೇಬರು ಕಂಬದ ಕೆಳಗೆ ನಿಂತು, "ಯಾಕ ಬರವಲ್ದು?" ಎಂದು ಗದರಿದರು. ನನ್ನ ಕೆಲಸ ಕಾಯಂ ಆಗುವುದಿತ್ತು. ಕಣ್ಣು ಮರದ ಕಡೆ ಹೋಯಿತು, ಬಾಯಿ ಬೇರೆ ಕಡೆ.

"ಆ ತಗಡು ಅದಲ್ರಿ ಸಾಹೇಬ್ರ, ಅದು ಸಿಗ್ನಲ್ ಕೆಡಸ್ತದ್ರಿ."

"ತೆಗಸು," ಎಂದು ಹೇಳಿ ಅವರು ಜೀಪು ಹತ್ತಿದರು.

ಅಕ್ಕ ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. "ಇದು ತೆಗದ್ರ ಹುಡುಗೂರಿಗಿ ನೆಟ್ ಬರ್ತದೇನು ತಮ್ಮಾ?" ಎಂದು ಮಾತ್ರ ಕೇಳಿದಳು. ಹೂಂ ಎಂದು ತಲೆಯಾಡಿಸಿದೆ. ತಾನೇ ಹಗ್ಗ ಬಿಚ್ಚಿದಳು.

ನೆಟ್ ಬರಲಿಲ್ಲ, ಬರುವುದೂ ಇರಲಿಲ್ಲ. ಎಂಟು ದಿನ ಬಿಟ್ಟು, ಯಾರಿಗೂ ಕಾರಣ ಹೇಳದೆ, ಕಂಬಕ್ಕೆ ಪೈಪು ಜೋಡಿಸಿ ಡಿಶ್ಶನ್ನು ಮರದ ನೆತ್ತಿಗಿಂತ ಮೇಲೇರಿಸಿದೆ. ಆಗ ಬಂತು.

ಅಷ್ಟರಲ್ಲಿ ಬಿಸಿಲು ಏರಿತ್ತು. ಮಶಿನ್ನಿನ ಕಬ್ಬಿಣ ಮುಟ್ಟಲಾಗದಷ್ಟು ಕಾಯುತ್ತಿತ್ತು. ಅಕ್ಕ ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ತಲೆಗೆ ಸೆರಗು ಹೊದ್ದು ಹೊಲಿಯುತ್ತಿದ್ದಳು. ಔರಾದಿನಿಂದ ಬಸ್ಸಿಗೆ ಬಂದ ಹುಡುಗಿಯರು ಎದುರಿನ ಕಟ್ಟೆ ಮೇಲೆ ಕುಳಿತು ಮೊಬೈಲಿನಲ್ಲಿ ನೌಕರಿ ಅರ್ಜಿ ತುಂಬುವಾಗ, "ನನ್ನ ತಗಡಾ ತೆಗದ ಮ್ಯಾಲ ಬಂದದ ನೋಡ್ರಿ ಇದು," ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಕೇಳಿದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಒಂದು ದಿನ ತಡೆಯಲಾಗಲಿಲ್ಲ. ಆಕೆ ನನ್ನ ಚೀಲವನ್ನೇ ಹೊಲಿಯುತ್ತಿದ್ದಳು.

"ಅಕ್ಕಾ, ತಗಡಿನ ತಪ್ಪಿರಲಿಲ್ರಿ. ನಂದಿತ್ತು. ಗೊತ್ತಿದ್ದೇ ಸುಳ್ಳು ಹೇಳ್ದೆ. ನಾಳಿಗೇ ಮತ್ತ ಹಾಕಸ್ತೇನ್ರಿ."

ಮಶಿನ್ ನಿಂತಿತು. ಆಕೆ ಕಟ್ಟೆಯ ಹುಡುಗಿಯರ ಕಡೆ ನೋಡಿ ದನಿ ತಗ್ಗಿಸಿದಳು.

"ಬ್ಯಾಡ. ತಗಡಾ ಇದ್ರ ನೆಟ್ ಬರಲ್ಲಂತ ಎಲ್ಲಾರಿಗೂ ಹೇಳೀನಿ. ಈಗ ಹಾಕಿದ್ರ ನಾ ಸುಳ್ಳಾಕಿ ಆಗ್ತೇನಿ."

ಉಳಿದ ಹೊಲಿಗೆ ಮುಗಿಸಿ, ದಾರ ಹರಿದು, ಮುಖ ನೋಡದೆ ಚೀಲ ಚಾಚಿದಳು.

"ತೊಗೋರಿ, ಸಾಹೇಬ್ರ."