ಬಲಗೈಗೆ ಬಂದ ಮಗು

ಆಂಟಾಪ್ ಹಿಲ್‌ನ ಚಾಳಿನ ಕೋಣೆಯಲ್ಲಿ ಗೆಳೆಯ ವಾಸುದೇವ ಕೊರೆದ ಮರದ ಹಲಗೆಗೆ ಮಸಿ ಬಳಿದು, ಕಾಗದ ಹೊದಿಸಿ, ಸೌಟಿನ ಬೆನ್ನಿನಿಂದ ಉಜ್ಜಿದ. ಪುನರುಜ್ಜೀವನ ಕಾಲದ ಇಟಲಿಯ ಉಬ್ಬುಶಿಲ್ಪವೊಂದರ ಪ್ಲಾಸ್ಟರ್ ಪ್ರತಿ ಅವನ ಕಲಾಶಾಲೆಯಲ್ಲಿದೆ: ಎಡಗೈಯಲ್ಲಿ ಮಗುವನ್ನೆತ್ತಿಕೊಂಡ ತಾಯಿ. ನಿನ್ನೆ ನನಗೂ ಅದನ್ನು ತೋರಿಸಿದ್ದ; ಹಲಗೆಯಲ್ಲಿ ಕೊರೆದದ್ದೂ ಅದನ್ನೇ. ಅಲ್ಲಿ ಬೆರಳುದಪ್ಪ ಉಬ್ಬಿದ್ದ ಕೆನ್ನೆ ಇಲ್ಲಿ ಬರೀ ಬಿಳಿ ಕಾಗದ. ಸುತ್ತಲಿನ ನಾಲ್ಕು ಕಪ್ಪು ಗೀರುಗಳಿಂದಲೇ ಅದು ದುಂಡಗಾಗಿತ್ತು! ಆದರೆ ಕಂಡಂತೆಯೇ ಕೊರೆದಿದ್ದರಿಂದ ಅಚ್ಚಿನಲ್ಲಿ ಎಡಬಲ ತಿರುಗಿ ಮಗು ಬಲಗೈಗೆ ಬಂದಿತ್ತು.

ಸೌಟು ಕೇಳಲು ಬಂದ ಅವನ ತಾಯಿ ಚಿತ್ರ ನೋಡಿದರು. “ಎಂತ ಮಾರಾಯ, ಮಗು ಬಲಗೈಯಲ್ಲಿದ್ರೆ ಕೆಲಸ ಮಾಡುದು ಯಾವ ಕೈಯಲ್ಲಿ?”

ವಾಸುವಿನ ಮುಖ ಸಣ್ಣದಾಯಿತು. ಕಾಗದ ಹರಿಯಹೊರಟವನನ್ನು ಅವರೇ ತಡೆದರು.

“ಬಿಡು, ಇವತ್ತು ಆದಿತ್ಯವಾರ. ಅವಳಿಗಾದ್ರೂ ರಜೆ ಇರ್ಲಿ,” ಎಂದು ನಗುತ್ತ, ಸೌಟು ತೊಳೆದು ಒಲೆಯ ಮುಂದೆ ಕೂತರು.